‘ಸಾಕು’ ಅಂದ್ರೆ ಯಾವ ಸರ್ಕಾರ ಕೇಳುತ್ತೆ ಸಾರ್?

ಹೋದ ತಿಂಗಳು ದಾವಣಗೆರೆಯಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಎರಡನೇ ಹೋಳಿಗೆ ಬಂತು. ಪಕ್ಕದ ಎಲೆಯವರು ನನ್ನ ಎಲೆಗೆ ತಾವೇ ಕೈ ಅಡ್ಡ ಹಿಡಿದು, ‘ಇವರಿಗೆ ಬೇಡ್ರಿ, ಇವರು ಡಿಗ್ರೋತ್‌ನೋರು’ ಅಂದರು. ಡಿಗ್ರೋತ್ ಅಂದರೆ ಉತ್ಪಾದನೆ, ಬಳಕೆ ಎರಡನ್ನೂ ಬೇಕೆಂದೇ ಕಮ್ಮಿ ಮಾಡೋಣ ಅನ್ನುವ ವಾದ. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕು ಹೋಳಿಗೆ ಹಾಕಿಸಿಕೊಂಡೆ. ತುಪ್ಪವನ್ನೂ. ಆಮೇಲೆ ಶುರು: ‘ಉತ್ಪಾದನೆ ಕಮ್ಮಿ ಮಾಡಿ ಅಂತ ಕೂಗಿದ್ರೆ ಯಾವ ಸರ್ಕಾರ ಕೇಳುತ್ತೆ ಸಾರ್? ಅದೆಲ್ಲ ಫ್ರಾನ್ಸ್‌ನಲ್ಲಿ.’

ಫ್ರಾನ್ಸ್‌ನಲ್ಲೂ ಸಲೀಸಾಗಿ ಕೇಳಲಿಲ್ಲ ಸ್ವಾಮಿ. ಹವಾಮಾನ ಬದಲಾವಣೆ ಕುರಿತು ಸೇರಿದ, ಚೀಟಿ ಎತ್ತಿದಂತೆ ಆರಿಸಿದ 150 ಮಂದಿ ಸಾಮಾನ್ಯರ ಸಭೆ, ರೈಲಲ್ಲಿ 4 ಗಂಟೆಯೊಳಗೆ ಮುಟ್ಟುವ ಊರಿಗೆ ವಿಮಾನ ಬೇಡ ಎಂದಿತು. 2021ರ ಕಾನೂನು ಅದನ್ನು ಎರಡೂವರೆ ಗಂಟೆಗೆ ಇಳಿಸಿತು. 2023ರಲ್ಲಿ ಜಾರಿಗೆ ಬಂದಾಗ ಅದಕ್ಕೆ ಸಿಕ್ಕಿದ್ದು ಮೂರೇ ಮಾರ್ಗ.

ಅಷ್ಟು ದೂರ ಯಾಕೆ? ಚಿತ್ರದುರ್ಗ ಇಲ್ಲೇ ಇದೆಯಲ್ಲ. ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆಯವರು 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರು ಡಿಗ್ರೋತ್ ಅನ್ನಲಿಲ್ಲ, ಅಕ್ರಮ ಗಣಿಗಾರಿಕೆ ಅಂದರು. 2011ರಲ್ಲಿ ಬಳ್ಳಾರಿಯ ಜೊತೆ ಚಿತ್ರದುರ್ಗ, ತುಮಕೂರಿನ ಅದಿರು ಗಣಿಗಳೂ ನಿಂತವು. 2013ರಲ್ಲಿ ಮತ್ತೆ ಬಿಡುವಾಗ ಕೋರ್ಟು ಮಿತಿ ಹಾಕಿತು: ಚಿತ್ರದುರ್ಗ, ತುಮಕೂರು ಎರಡೂ ಸೇರಿ ವರ್ಷಕ್ಕೆ 50 ಲಕ್ಷ ಟನ್. ‘ಇಷ್ಟೇ ಅಗೆಯಿರಿ’ ಅಂತ ನಮ್ಮ ಜಿಲ್ಲೆಗೆ ಬರವಣಿಗೆಯಲ್ಲೇ ಹೇಳಿದ್ದಾರೆ. ನೀವು ನನಗೆ ಫ್ರಾನ್ಸ್ ತೋರಿಸುತ್ತೀರಿ.

ಘೋಷಣೆ ಅರ್ಜಿಯಾಗಿ, ಅರ್ಜಿ ತಜ್ಞರ ವರದಿಯಾಗಿ, ವರದಿ ಒಂದು ಅಂಕಿಯಾಗುತ್ತದೆ. ಆಮೇಲಿನ ಜಗಳವೆಲ್ಲ ಅಂಕಿಯದ್ದೇ. 50 ಲಕ್ಷ 70 ಆಯಿತು, 2022ರಲ್ಲಿ ಒಂದೂವರೆ ಕೋಟಿ. ಆಗ ಯಾವ ಮದುವೆ ಪಂಕ್ತಿಯಲ್ಲೂ ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನೂ ತೆಪ್ಪಗಿದ್ದೆ, ಒಪ್ಪಿಕೊಳ್ಳುತ್ತೇನೆ.

ಕೇಳಬೇಕಾದ್ದನ್ನು ಕೇಳಿದವನು ಒಬ್ಬನೇ. ಭೀಮಸಮುದ್ರದ ಕಡೆ ಅದಿರು ಹೊಡೆಯುತ್ತಿದ್ದ ಲಾರಿಯವನು. 2011ರಲ್ಲಿ ಗಣಿ ನಿಂತಾಗ ನಾನು ಚಹಾದಂಗಡಿಯಲ್ಲಿ ಖುಷಿಯಾಗಿ ಮಾತಾಡುತ್ತಿದ್ದೆ. ಅವನು ಪೂರ್ತಿ ಕೇಳಿಸಿಕೊಂಡ. ‘ನಿಂತಿದ್ದು ಒಳ್ಳೇದೇ ಬಿಡಣ್ಣ, ನಮ್ಮನೆ ಅನ್ನದ ಮೇಲೂ ಕೆಂಧೂಳೇ ಕೂರ್ತಿತ್ತು. ಗಾಡಿ ಕಂತು ಯಾರು ಕಟ್ತಾರೆ?’ ಅಂದ.

ನಾನು ಅಂತರ್ಜಲದ ಬಗ್ಗೆ ಹೇಳತೊಡಗಿದೆ. ಅವನು ಎದ್ದು, ಇಬ್ಬರ ಚಹಾದ ದುಡ್ಡೂ ತಾನೇ ಕೊಟ್ಟು ಹೋದ.