ಸುಮ್ನೆ ಒಂದೊಂದು ಮಾತ್ರೆ

“ಮಾತ್ರೆ ಏನೂ ಇಲ್ಲ ಡಾಕ್ಟ್ರೇ. ಮಂಡಿ ನೋವಿಗೆ ಸುಮ್ನೆ ಒಂದೊಂದು ತಗೊಳ್ತಿದ್ದೆ, ಅಷ್ಟೇ.”

ಮಂಗಳವಾರ ರಾತ್ರಿ ಹಾಸನದ ಆಸ್ಪತ್ರೆಯಲ್ಲಿ ದೊಡ್ಡಪ್ಪ ಹೇಳಿದ ಈ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ.

ಅವರಿಗೆ 76. ಮೂಡಿಗೆರೆ ಹತ್ತಿರ ತೋಟ. ಸೋಮವಾರ ಸಂಜೆ ಹೊಟ್ಟೆ ಹಿಡಿದುಕೊಂಡು ಮಲಗಿದರು. ಗ್ಯಾಸ್ ಇರಬೇಕು ಅಂತ ದೊಡ್ಡಮ್ಮ ಜೀರಿಗೆ ಕಷಾಯ ಕೊಟ್ಟರು. ಬೆಳಿಗ್ಗೆ ನೋವು ಕಡಿಮೆ ಅಂದಾಗ ನಾವೂ ನಂಬಿದೆವು. ಸಂಜೆ ಮೈ ಬೆವೆತು ಕೈಕಾಲು ತಣ್ಣಗಾದವು. ಕಾರಿನಲ್ಲಿ ಮಲಗಿಸಿಕೊಂಡು ಬೇಲೂರು ದಾಟಿ ಬಂದೆವು.

ಸರ್ಜನ್ ಎಕ್ಸ್‌ರೇ ತೋರಿಸಿದರು. ಲಿವರ್ ಮೇಲೆ ಎಳೆಚಂದ್ರನ ಹಾಗೆ ಕಪ್ಪು ಗೆರೆ. ಅಲ್ಲಿ ಗಾಳಿ ಇರಬಾರದಂತೆ. ಹೊಟ್ಟೆಯೊಳಗೆ ಹುಣ್ಣಾಗಿ, ಅದು ತೂತಾಗಿ ಗಾಳಿ ಹೊರಗೆ ಬಂದಿತ್ತು. ವಯಸ್ಸಾದವರಿಗೆ ಇಂಥದ್ದರಲ್ಲೂ ನೋವು, ಜ್ವರ ಜೋರಾಗಿ ಕಾಣದೇ ಇರಬಹುದಂತೆ. ಆಮೇಲೆ ಮಾತ್ರೆ ಬಗ್ಗೆ ಕೇಳಿದರು.

ದೊಡ್ಡಮ್ಮ ಎಲೆಅಡಿಕೆ ಚೀಲದಿಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆಯ ಪಟ್ಟಿ ತೆಗೆದುಕೊಟ್ಟರು. ದಿನಕ್ಕೆರಡು, ಎರಡು ವರ್ಷದಿಂದ. ಜೊತೆಗೆ ಹೃದಯಕ್ಕೆ ಆಸ್ಪಿರಿನ್ ಬೇರೆ. ನೋವಿನ ಮಾತ್ರೆ ಜಠರದ ಒಳಪದರದ ಕಾವಲನ್ನೇ ತೆಗೆದುಬಿಡುತ್ತದೆ ಅಂತ ಆಗ ಗೊತ್ತಾಯಿತು. ಚೀಟಿ ಕೇಳದೆ ಅಷ್ಟು ದಿನ ಕೊಟ್ಟ ಅಂಗಡಿಯವರ ಮೇಲೆ ಸಿಟ್ಟು ಬಂತು. ಆದರೆ ಎರಡು ಸಲ ಆ ಪಟ್ಟಿ ತಂದುಕೊಟ್ಟವನು ನಾನೇ. ಯಾಕೆ ದೊಡ್ಡಪ್ಪ ಅಂತ ಕೇಳಲಿಲ್ಲ.

ಬೆಂಗಳೂರಿನಿಂದ ಅಣ್ಣ ಫೋನಿನಲ್ಲಿ, “ಈ ವಯಸ್ಸಲ್ಲಿ ಆಪರೇಷನ್ ಬೇಕಾ?” ಅಂದ. ಅಣ್ಣ ಒಳ್ಳೆಯವನೇ. ಆದರೂ ಆ ಪ್ರಶ್ನೆ ನನಗೆ ಇನ್ನೂ ಚುಚ್ಚುತ್ತಿದೆ. ಸರ್ಜನ್ ಫೋನ್ ಇಸಿದುಕೊಂಡು, “ವಯಸ್ಸು ಕಡಿಮೆ ಮಾಡೋಕೆ ನನ್ನ ಕೈಲಾಗಲ್ಲ. ಇನ್ನಷ್ಟು ತಡ ಆಗದ ಹಾಗೆ ನೋಡ್ಕೋಬಹುದು” ಅಂದರು. ಅವರಿಗೆ ನಾನು ಋಣಿ.

ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನೇ ತೂತಿನ ಮೇಲೆ ತೇಪೆಯ ಹಾಗೆ ಹೊಲಿದು, ಒಳಗೆಲ್ಲ ಸಲೈನ್‌ನಲ್ಲಿ ತೊಳೆದರು. ಗ್ರಹಾಂ ಅನ್ನುವ ಕೆನಡಾದ ಸರ್ಜನ್ 1937ರಲ್ಲಿ ಬರೆದಿಟ್ಟ ವಿಧಾನವಂತೆ. ಹುಣ್ಣು ಮಾಡುವ ಬ್ಯಾಕ್ಟೀರಿಯಾ, ಎಚ್. ಪೈಲೋರಿ, ಇದೆಯಾ ಅಂತಲೂ ಪರೀಕ್ಷೆ ಮಾಡಿಸಬೇಕಂತೆ.

ನಮ್ಮ ಕಡೆಯ ಹಿರಿಯರು ನೋವು ಹೇಳೋದೇ ಇಲ್ಲ. ಹೇಳಿದರೆ ಮಕ್ಕಳಿಗೆ ತೊಂದರೆ ಅಲ್ವಾ ಅನ್ನುತ್ತಾರೆ. ದೊಡ್ಡಪ್ಪ ಆ ಮಾತ್ರೆ ನುಂಗಿದ್ದು ಕಾಫಿ ಕೊಯ್ಲಿಗೆ ಇಳಿಜಾರು ಹತ್ತಬೇಕು ಅಂತ. ಅವರು ‘ಸುಮ್ನೆ’ ಅಂದಾಗಲೆಲ್ಲ ಅದು ನಮಗೂ ಅನುಕೂಲವಾಗಿತ್ತು.

ನಿನ್ನೆ ಐಸಿಯುನಲ್ಲಿ ಮೂಗಿನ ಟ್ಯೂಬ್ ತೆಗೆದಿದ್ದರು. ಹಾಸಿಗೆ ಪಕ್ಕ ಕೂತು, ಮಂಡಿ ನೋವು ಹೇಗಿದೆ ದೊಡ್ಡಪ್ಪ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

“ತುಂಬಾ ನೋಯ್ತದೆ ಕಣೋ.”