‘ಕೋಚ್‌ನ ತೆಗೀರಿ’ ಅಂತ ಕೂಗುವವರ ಮುಂದೆ ಮಾಲೀಕರು ಬರಲೇಬೇಕು

ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್‌ನಲ್ಲಿ ಅಭಿಮಾನಿಗಳ ಕಡೆಯ ವ್ಯವಹಾರ ನೋಡಿಕೊಳ್ಳುವುದು ನನ್ನ ಕೆಲಸ. ಟಿಕೆಟ್, ಹೊರ ಊರಿನ ಪಂದ್ಯಕ್ಕೆ ಬಸ್ಸು, ಡ್ರಮ್ ಒಳಗೆ ತರಲು ಪೊಲೀಸರ ಅನುಮತಿ, ಎಲ್ಲವೂ ನನ್ನ ಮೇಜಿಗೇ ಬರುತ್ತದೆ. ತಂಡ ಗೆಲ್ಲುತ್ತಿದ್ದಾಗ ಇದು ಖುಷಿಯ ಕೆಲಸ. ಸೋಲಿನ ಮೇಲೆ ಸೋಲು ಬಂದು ಸ್ಟ್ಯಾಂಡ್‌ನಿಂದ ‘ಕೋಚ್‌ನ ತೆಗೀರಿ’ ಎಂಬ ಕೂಗು ಶುರುವಾದಾಗಲೇ ನನ್ನ ಸಂಬಳಕ್ಕೆ ಅರ್ಥ ಬರುವುದು. ಆ ಕೂಗಿನಲ್ಲಿ ಕೋಚ್‌ನ ಹೆಸರಿದ್ದರೂ ಜನ ಪ್ರಶ್ನೆ ಕೇಳುತ್ತಿರುವುದು ಮಾಲೀಕರನ್ನು. ಇವರನ್ನು ಯಾಕೆ ತಂದಿರಿ, ಯಾರ ಮಾತು ಕೇಳಿ ತಂದಿರಿ, ಇನ್ನೆಷ್ಟು ದಿನ ನೋಡುತ್ತೀರಿ? ಇದಕ್ಕೆ ಕೋಚ್ ಉತ್ತರ ಕೊಡಲಾರ. ನಾನೂ ಕೊಡಲಾರೆ.

ನಮ್ಮ ಆಫೀಸಿಗೆ ಹೊಸಬರು ಬಂದರೆ ನಾನು ಮೊದಲು ಹೇಳುವುದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ವಿಷಯ. ಲ್ಯಾಂಕಶೈರ್‌ನ ಹಳೆಯ ಹತ್ತಿಗಿರಣಿ ಊರಿನ ಕ್ಲಬ್ಬು, ಹುಟ್ಟಿದ್ದು 1875ರಲ್ಲಿ. 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ ಹನ್ನೆರಡು ಕ್ಲಬ್‌ಗಳಲ್ಲಿ ಅದೂ ಒಂದು. ಊರಿನವರೇ ಆದ ಉಕ್ಕಿನ ವ್ಯಾಪಾರಿ ಜಾಕ್ ವಾಕರ್ ಹಣ ಸುರಿದರು. ಮ್ಯಾನೇಜರ್ (ಅಲ್ಲಿ ಕೋಚ್‌ಗೆ ಹಾಗನ್ನುತ್ತಾರೆ) ಕೆನಿ ಡಾಲ್ಗ್ಲಿಷ್ ಕೈಕೆಳಗೆ 1994-95ರಲ್ಲಿ ತಂಡ ಅಲ್ಲಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗನ್ನೇ ಗೆದ್ದಿತು. ಆ ಊರಿನವರಿಗೆ ಕ್ಲಬ್ಬಿನ ಮಾಲೀಕ ಅಂದರೆ ತಮ್ಮೂರಿನವನೇ ಆದ ಮನುಷ್ಯ ಎಂಬುದು ಅಭ್ಯಾಸವಾಗಿಹೋಗಿತ್ತು.

2010ರ ನವೆಂಬರ್‌ನಲ್ಲಿ ಪುಣೆಯ ಕೋಳಿ ಉದ್ಯಮ ವೆಂಕೀಸ್ ಈ ಕ್ಲಬ್ಬನ್ನು 2.3 ಕೋಟಿ ಪೌಂಡ್‌ಗೆ ಕೊಂಡಿತು. ಮುಂದಿನ ತಿಂಗಳೇ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದುಹಾಕಿದರು. ಆಗ ತಂಡ ಟೇಬಲ್‌ನಲ್ಲಿ 13ನೇ ಸ್ಥಾನದಲ್ಲಿತ್ತು, ಮುಳುಗುತ್ತೇನೂ ಇರಲಿಲ್ಲ. ಅವರ ಜಾಗಕ್ಕೆ ಬಂದ ಸ್ಟೀವ್ ಕೀನ್ ಅಲ್ಲಿಯವರೆಗೆ ಯಾವ ತಂಡಕ್ಕೂ ಪೂರ್ಣ ಜವಾಬ್ದಾರಿಯ ಮ್ಯಾನೇಜರ್ ಆಗಿದ್ದವರಲ್ಲ. ಮೊದಲ ಸೀಸನ್‌ನಲ್ಲಿ ತಂಡ ಕೆಳಗಿನ ಡಿವಿಷನ್‌ಗೆ ಇಳಿಯುವುದರಿಂದ ಕೊನೆಯ ದಿನದ ಪಂದ್ಯದಲ್ಲಿ ಬಚಾವಾಯಿತು. ಎರಡನೆಯದರಲ್ಲಿ ಆಗಲಿಲ್ಲ. 2011ರ ಡಿಸೆಂಬರ್‌ನಲ್ಲಿ ನೆರೆಯ ಬೋಲ್ಟನ್ ಎದುರು ಸ್ವಂತ ಮೈದಾನ ಈವುಡ್ ಪಾರ್ಕ್‌ನಲ್ಲಿ ಸೋತ ರಾತ್ರಿ, ಸ್ಟೇಡಿಯಂಗೆ ಸ್ಟೇಡಿಯಂ ಕೀನ್ ಹೆಸರು ಹಿಡಿದು ಬೈಯಿತು. 2012ರ ಮೇ 7ರಂದು ವಿಗನ್ ಎದುರಿನ ಪಂದ್ಯದಲ್ಲಿ ಅಭಿಮಾನಿಯೊಬ್ಬ ಕ್ಲಬ್ಬಿನ ಬಾವುಟ ಹೊದಿಸಿದ ಕೋಳಿಯನ್ನು ಮೈದಾನಕ್ಕೆ ಬಿಟ್ಟ. ಅವತ್ತೇ 0-1ರಿಂದ ಸೋತು ತಂಡ ಕೆಳಗಿನ ಡಿವಿಷನ್‌ಗೆ ಇಳಿಯಿತು. ಹನ್ನೊಂದು ವರ್ಷದಿಂದ ಮೇಲಿನ ಲೀಗ್‌ನಲ್ಲಿದ್ದ ತಂಡ.

ಇಲ್ಲಿ ನನಗೆ ಕೋಳಿಗಿಂತ ಮುಖ್ಯವಾಗಿ ಕಾಣುವುದು ಕೀನ್. ವಾರ ವಾರ ಲೈನ್ ಪಕ್ಕ ನಿಂತು ಬೈಗುಳ ತಿಂದದ್ದು ಆತ. ಮಾಲೀಕರು ಇದ್ದದ್ದು ಪುಣೆಯಲ್ಲಿ. ಅಲರ್ಡೈಸ್‌ರನ್ನು ಯಾಕೆ ತೆಗೆದರು, ಇವರನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂಬುದಕ್ಕೆ ಜನ ಒಪ್ಪುವಂಥ ಉತ್ತರ ಬರಲೇ ಇಲ್ಲ. ಕೀನ್ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಆಮೇಲಾದರೂ ಸರಿಹೋಯಿತೇ? ಮುಂದೆ ಬಂದ ಹೆನಿಂಗ್ ಬರ್ಗ್ 57 ದಿನಕ್ಕೆ ಹೊರಗೆ. ಆತ ಕೋರ್ಟಿಗೆ ಹೋಗಿ 22.5 ಲಕ್ಷ ಪೌಂಡ್ ಪರಿಹಾರ ಪಡೆದರು. ಅವರ ನಂತರದ ಮೈಕಲ್ ಆಪಲ್‌ಟನ್ 67 ದಿನಕ್ಕೆ ಹೊರಗೆ. 2017ರಲ್ಲಿ ತಂಡ ಮೂರನೇ ಹಂತದ ಲೀಗ್‌ಗೆ ಬಿತ್ತು. ಕೂಗಿದ ಹೆಸರು ಹೋಗಿತ್ತು, ಕೇಳಿದ ಪ್ರಶ್ನೆ ಹಾಗೇ ಉಳಿದಿತ್ತು.

ನಮ್ಮೂರಿನಲ್ಲೂ ಇದರ ಒಂದು ಮುಖ ಕಂಡಿದೆ. 2023ರ ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮುಂಬೈ ಸಿಟಿ ಎದುರು 0-4ರಿಂದ ಸೋತಿತು. ಮರುದಿನವೇ ಕೋಚ್ ಸೈಮನ್ ಗ್ರೇಸನ್ ಅವರನ್ನು ಕೈಬಿಟ್ಟರು. ಅದೇ ಮನುಷ್ಯ ಹಿಂದಿನ ಸೀಸನ್‌ನಲ್ಲಿ ಡುರಾಂಡ್ ಕಪ್ ಗೆಲ್ಲಿಸಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ವರೆಗೂ ಕರೆದೊಯ್ದಿದ್ದರು. ಹೊಸ ಕೋಚ್ ಜೆರಾರ್ಡ್ ಸರಗೋಸ ಬಂದರೂ ಆ ಸೀಸನ್ ಹತ್ತನೇ ಸ್ಥಾನಕ್ಕೇ ಮುಗಿಯಿತು. ಅವರನ್ನೇ ಮುಂದುವರಿಸಿದ್ದಕ್ಕೆ 2024-25ರಲ್ಲಿ ತಂಡ ಮತ್ತೆ ಫೈನಲ್‌ಗೆ ಹೋಯಿತು, ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್‌ಗೆ ಸೋತಿತು. ತೆಗೆದ ಕೂಡಲೇ ಫಲ ಬರುತ್ತದೆ ಅಂತ ಅಭಿಮಾನಿಗಳಿಗೆ ಮಾತು ಕೊಡುವವರು ಇದನ್ನು ಒಮ್ಮೆ ನೋಡಬೇಕು.

ಈಗ ನಮ್ಮ ಕ್ಲಬ್ಬಿಗೆ ಬರುತ್ತೇನೆ. ದೊಡ್ಡ ಲೀಗ್ ಅಲ್ಲ, ದೊಡ್ಡ ದುಡ್ಡೂ ಅಲ್ಲ. ನಮ್ಮ ಪಂದ್ಯಕ್ಕೆ ಬರುವವರು ಹೆಚ್ಚಾಗಿ ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಕಡೆಯವರು. ಇವರಲ್ಲಿ ಮೂರು ತಲೆಮಾರಿನಿಂದ ಫುಟ್‌ಬಾಲ್ ಆಡಿದ ಮನೆಗಳಿವೆ. ಬ್ಯಾಕ್ ಲೈನ್, ಅಂದರೆ ರಕ್ಷಣಾ ಆಟಗಾರರ ಸಾಲು, ಎಷ್ಟು ಮೇಲೆ ನಿಂತಿದೆ ಎಂಬುದು ಅವರಿಗೆ ಕುಳಿತಲ್ಲಿಂದಲೇ ಗೊತ್ತಾಗುತ್ತದೆ. ಅಂಥವರ ಮುಂದೆ ‘ಹುಡುಗರು ಶ್ರಮ ಪಡ್ತಿದ್ದಾರೆ’ ಎಂಬ ಹೇಳಿಕೆ ನಡೆಯುವುದಿಲ್ಲ.

ಒಂದು ಸೀಸನ್‌ನಲ್ಲಿ ನಾವು ಸತತವಾಗಿ ಸೋತೆವು. ಪಂದ್ಯ ಮುಗಿದ ಮೇಲೆ ಗೇಟ್ ಹತ್ತಿರ ಗುಂಪು ನಿಲ್ಲತೊಡಗಿತು. ಕೋಚ್‌ನ ಹೆಂಡತಿ, ಮಗಳು ಪಂದ್ಯಕ್ಕೆ ಬರುವುದನ್ನೇ ಬಿಟ್ಟರು. ಮಾಲೀಕರು ಕೋಚ್ ಕೈಯಲ್ಲೇ ಒಂದು ವಿಡಿಯೊ ಮಾಡಿಸಿ ಹಾಕೋಣ ಅಂದರು. ನಾನು ಬೇಡ ಅಂದೆ. ‘ಸಾರ್, ಅವರು ಮಾತಾಡಿದಷ್ಟೂ ಏಟು ಅವರಿಗೇ ಬೀಳುತ್ತೆ. ನೀವು ಬನ್ನಿ. ಮೈಕ್ ಬೇಡ, ವೇದಿಕೆ ಬೇಡ, ಒಂದಿಷ್ಟು ಕುರ್ಚಿ ಹಾಕಿಸ್ತೀನಿ.’ ಅವರಿಗೆ ಮನಸ್ಸಿರಲಿಲ್ಲ. ಅವಮಾನ ಆಗುತ್ತದೆಂಬ ಭಯ ಸಹಜ. ಕೈಯಿಂದ ದುಡ್ಡು ಹಾಕಿ ಕ್ಲಬ್ ನಡೆಸುವವರಿಗೆ ಬೈಸಿಕೊಳ್ಳುವ ಕರ್ಮ ಯಾಕೆ ಅನ್ನಿಸುತ್ತದೆ. ಆದರೂ ಬಂದರು.

ಮೊದಲ ಅರ್ಧ ಗಂಟೆ ಬರೀ ಬೈಗುಳ. ಆಮೇಲೆ ಗೌತಮಪುರದ ಹಿರಿಯರೊಬ್ಬರು ಎದ್ದು ಕೇಳಿದರು: ‘ಇವರನ್ನ ಆರಿಸಿದ್ದು ಯಾರು ಸಾರ್? ನೀವಾ, ಏಜೆಂಟಾ?’

ಮಾಲೀಕರು ‘ನಾನೇ’ ಅಂದರು. ಯಾಕೆ ಆರಿಸಿದೆ ಅಂತ ವಿವರಿಸಿದರು. ಎಳೆಯ ಹುಡುಗರನ್ನು ಬೆಳೆಸುತ್ತಾರೆಂಬ ನಂಬಿಕೆಯಿಂದ ಒಪ್ಪಂದ ಮಾಡಿಕೊಂಡೆ, ಮೂವರು ಹುಡುಗರು ಮೊದಲ ತಂಡಕ್ಕೆ ಬಂದಿದ್ದಾರೆ, ಆದರೆ ಅನುಭವಿ ಸ್ಟಾಪರ್‌ಗೆ (ಗೋಲಿನ ಮುಂದೆ ಎದುರಾಳಿಯನ್ನು ತಡೆಯುವ ಆಟಗಾರ) ದುಡ್ಡು ಕೊಡದೇ ಇದ್ದದ್ದು ನನ್ನ ನಿರ್ಧಾರ, ಕೋಚ್‌ದಲ್ಲ ಅಂದರು. ಕೋಚ್ ಸೀಸನ್ ಮುಗಿಯುವವರೆಗೆ ಇರುತ್ತಾರೆ, ಆಮೇಲೆ ನಾವು ಮತ್ತೆ ಕೂರೋಣ ಅಂತ ದಿನಾಂಕವನ್ನೂ ಹೇಳಿದರು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮುಂದಿನ ಪಂದ್ಯವನ್ನೂ ಸೋತೆವು. ಆದರೆ ಗೇಟ್ ಹತ್ತಿರದ ಗುಂಪು ಕರಗಿತ್ತು. ಸ್ಟ್ಯಾಂಡ್‌ನಲ್ಲಿ ಬೈದವರೂ ಕೋಚ್‌ನ ಮನೆಯವರ ತಂಟೆಗೆ ಹೋಗಲಿಲ್ಲ. ಹುಡುಗರಿಗೆ ಸ್ವಲ್ಪ ಉಸಿರು ಸಿಕ್ಕಿತು. ಲೀಗ್‌ನಲ್ಲಿ ಉಳಿದುಕೊಂಡೆವು, ಅಷ್ಟೇ.

ಹೇಳಿದ ದಿನ ಮಾಲೀಕರು ಮತ್ತೆ ಬಂದರು. ಕೋಚ್‌ನ ಒಪ್ಪಂದವನ್ನು ನಾವು ಮುಂದುವರಿಸುತ್ತಿಲ್ಲ ಅಂತ ತಿಳಿಸಿ, ಮುಂದಿನವರಲ್ಲಿ ಏನೇನು ನೋಡುತ್ತೇವೆ ಎಂಬುದನ್ನು ಒಂದು ಹಾಳೆಯಿಂದ ಓದಿದರು. ಅದೇ ಹಿರಿಯರು ನಡುವೆ ತಡೆದು, ‘ನಮ್ಮ ಏರಿಯಾ ಹುಡುಗರ ಟ್ರಯಲ್ಸ್‌ಗೆ ಕೋಚ್ ಖುದ್ದಾಗಿ ಬರಬೇಕು, ಅದನ್ನೂ ಬರ್ಕೊಳ್ಳಿ’ ಅಂದರು. ಮಾಲೀಕರು ನನ್ನ ಹತ್ತಿರ ಪೆನ್ನು ಕೇಳಿ ಬರೆದುಕೊಂಡರು. ಈಗಿನ ಕೋಚ್‌ನ ಒಪ್ಪಂದದಲ್ಲಿ ಆ ಷರತ್ತು ಇದೆ.