ಪಾಠದಲ್ಲಿ ಯಾರ ಬಾಯಿ ಬಿಚ್ಚುತ್ತದೆ?

ಹೊಸ ಸಾಧನ ಯಾವುದೇ ಇರಲಿ, ತರಗತಿಗೆ ಒಯ್ಯುವ ಮುಂಚೆ ನಾನೀಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಬಳಸಿದರೆ ಪಾಠದಲ್ಲಿ ಯಾರು ಮಾತಾಡುತ್ತಾರೆ? ಪರದೆಯೋ, ನಾನೋ, ಮಕ್ಕಳೋ? ನಾನು ಕಲಿಸಬೇಕಾದ್ದು ಇಂಗ್ಲಿಷ್. ವಿಜ್ಞಾನದ ಪಾಠದಲ್ಲಿ ಹೃದಯ ಬಡಿಯುವುದನ್ನು ಪರದೆ ಮೇಲೆ ತೋರಿಸಿದರೆ ಅರ್ಧ ಕೆಲಸ ಆದಂತೆ. ಭಾಷೆಗೆ ಅದು ಸಾಲದು. ಭಾಷೆ ಮಕ್ಕಳ ಬಾಯಿಂದ ಹೊರಗೆ ಬಂದರೇ ಬಂದಂತೆ.

ಕಲಬುರಗಿಯಲ್ಲಿ ಬಿ.ಎಡ್. ಎರಡನೇ ವರ್ಷದಲ್ಲಿದ್ದೇನೆ. ಮೊದಲ ವರ್ಷದಲ್ಲಿ ಐಸಿಟಿ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಪತ್ರಿಕೆ ಇತ್ತು. ಪಿಪಿಟಿ ಮಾಡುವುದು, ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆಪತ್ರಿಕೆ, ಗೂಗಲ್ ಕ್ಲಾಸ್‌ರೂಮ್, ಕಹೂಟ್, ಪ್ಯಾಡ್ಲೆಟ್, ದೀಕ್ಷಾ ಆ್ಯಪ್ ಎಲ್ಲವನ್ನೂ ಕಾಲೇಜಿನ ಲ್ಯಾಬ್‌ನಲ್ಲೇ ಕಲಿತೆವು. ಕೀಬೋರ್ಡ್ ಮುಟ್ಟಲು ಹೆದರುತ್ತಿದ್ದ ಗೆಳತಿಯರು ವರ್ಷದ ಕೊನೆಗೆ ತಾವೇ ವಿಡಿಯೊ ಪಾಠ ಕತ್ತರಿಸಿ ಜೋಡಿಸುವ ಮಟ್ಟಕ್ಕೆ ಬಂದರು, ಅದನ್ನು ನಾನು ಸಣ್ಣ ಮಾತೆಂದು ತಳ್ಳಿಹಾಕುವುದಿಲ್ಲ. ಆದರೆ ಆ ಕಲಿಕೆಯಲ್ಲಿ ನಮ್ಮ ಮುಖ ಯಾವಾಗಲೂ ಪರದೆ ಕಡೆಗೇ ಇತ್ತು. ಪಾಠಯೋಜನೆಯ ಹಾಳೆಯಲ್ಲಿ ಬೋಧನಾ ಸಾಮಗ್ರಿ ಎಂಬ ಅಂಕಣದಲ್ಲಿ 'ಪ್ರೊಜೆಕ್ಟರ್' ಅಂತ ಬರೆದರೆ ತಂತ್ರಜ್ಞಾನದ ಲೆಕ್ಕ ಮುಗಿಯಿತು. ಆ ಪ್ರೊಜೆಕ್ಟರ್ ಹಚ್ಚಿದ ಮೇಲೆ ಹಿಂದಿನ ಬೆಂಚಿನ ಹುಡುಗಿ ಒಂದು ವಾಕ್ಯವನ್ನಾದರೂ ಆಡಿದಳಾ ಅಂತ ಕೇಳುವ ಅಂಕಣ ಆ ಹಾಳೆಯಲ್ಲಿಲ್ಲ.

ಓದಿನಲ್ಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಟಿಪ್ಯಾಕ್ ಎಂಬ ಚೌಕಟ್ಟು. 2006ರಲ್ಲಿ ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ ಇದನ್ನು ಮಂಡಿಸಿದರು. ವಿಷಯದ ತಿಳಿವಳಿಕೆಯೇ ಬೇರೆ, ಕಲಿಸುವ ಬಗೆಯೇ ಬೇರೆ ಅಂತಿದ್ದ ವಿಚಾರವನ್ನು ಲೀ ಶುಲ್ಮನ್ 1986ರಲ್ಲೇ ಒಂದುಗೂಡಿಸಿದ್ದರು. ಇವರು ಅದಕ್ಕೆ ತಂತ್ರಜ್ಞಾನವನ್ನು ಸೇರಿಸಿದರು. ಮೂರೂ ಕೂಡುವ ಜಾಗದಲ್ಲಿ ಶಿಕ್ಷಕ ನಿಲ್ಲಬೇಕು. ಪರೀಕ್ಷೆಗೆ ಮೂರು ವೃತ್ತ ಬರೆದು ಬಣ್ಣ ತುಂಬಿ ಬಂದವರು ಬಹಳ ಜನ. ಆದರೆ ಆ ಚಿತ್ರದಲ್ಲಿ ನನ್ನ ವಿಷಯದ ವೃತ್ತದೊಳಗೆ ಏನಿದೆ ಅಂತ ಕೇಳಿಕೊಂಡಾಗಲೇ ನನಗೆ ದಾರಿ ಕಂಡದ್ದು. ಇಂಗ್ಲಿಷ್ ಅಂದರೆ ಮಾಹಿತಿಯಲ್ಲ, ಕಿವಿ ಮತ್ತು ಬಾಯಿಯ ಅಭ್ಯಾಸ. ಹಾಗಾದರೆ ನನ್ನ ತಂತ್ರಜ್ಞಾನವೂ ಕಿವಿ-ಬಾಯಿಯದ್ದೇ ಆಗಿರಬೇಕಲ್ಲ?

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಸೇಡಂ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ, ಎಂಟನೇ ತರಗತಿ. ಆ ತರಗತಿಯಲ್ಲಿ ಮನೆಮಾತು ಎಷ್ಟೊಂದು! ಊರೊಳಗಿನ ಮಕ್ಕಳದ್ದು ಕನ್ನಡ, ತಾಂಡಾದಿಂದ ನಡೆದು ಬರುವವರದ್ದು ಲಂಬಾಣಿ, ಮಸೀದಿ ಓಣಿಯವರದ್ದು ದಖನಿ ಉರ್ದು, ತೆಲಂಗಾಣದ ಗಡಿ ಹತ್ತಿರವಾದ್ದರಿಂದ ಕೆಲವರ ಮನೆಯಲ್ಲಿ ತೆಲುಗು. ಎರಡು-ಮೂರು ಭಾಷೆಯಲ್ಲಿ ಸಲೀಸಾಗಿ ಜಗಳಾಡುವ ಮಕ್ಕಳು ಇಂಗ್ಲಿಷ್ ಪಿರಿಯಡ್ ಬಂದರೆ ಮಾತ್ರ ತಲೆ ತಗ್ಗಿಸಿ ಕೂಡುತ್ತಾರೆ. ಶಾಲೆಯಲ್ಲಿ ಒಂದು ಸ್ಮಾರ್ಟ್ ಬೋರ್ಡ್ ಇದೆ, ಒಂದೇ ಕೋಣೆಯಲ್ಲಿ. ನೆಟ್ ಸಿಗುವುದು ಕಿಟಕಿ ಹತ್ತಿರ ನಿಂತರೆ. ಮೊದಲ ದಿನವೇ ಮಾರ್ಗದರ್ಶಿ ಶಿಕ್ಷಕರು ಹೇಳಿದರು: "ನೋಡ್ರಿ ಮೇಡಂ, ವಿಡಿಯೊ ಏನ್ ತೋರಿಸೋದಿದ್ರೂ ರಾತ್ರೀನೇ ಇಳಿಸ್ಕೊಂಡು ಬರ್ರಿ. ಇಲ್ಲಿ ನೆಟ್ ನಂಬಿ ಪಾಠ ಸುರು ಮಾಡಬ್ಯಾಡ್ರಿ." ಕಾಲೇಜಿನ ಲ್ಯಾಬ್‌ನಲ್ಲಿ ಯಾರೂ ಹೇಳದ ಮಾತು ಅದು. ಪೆನ್‌ಡ್ರೈವ್, ಚಾರ್ಜ್ ಮಾಡಿದ ಬ್ಲೂಟೂತ್ ಸ್ಪೀಕರ್, ಮತ್ತು ಕರೆಂಟ್ ಹೋದರೆ ಪಾಠ ಯಾವ ಕಡೆ ತಿರುಗಬೇಕು ಎಂಬ ಇನ್ನೊಂದು ಯೋಜನೆ, ಈ ಮೂರು ಇಲ್ಲದೆ ನಾನು ಬಸ್ ಹತ್ತುವುದಿಲ್ಲ.

ನಮ್ಮ ಭಾಗಕ್ಕೆ ತರಗತಿಯ ತಂತ್ರಜ್ಞಾನ ಈಗ ಬರುತ್ತಿದೆ ಎಂಬಂತೆ ಕೆಲವರು ಮಾತಾಡುತ್ತಾರೆ. ಅದು ಸರಿಯಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೊ, ನಾಸಾದ ಎಟಿಎಸ್-6 ಉಪಗ್ರಹ ಬಳಸಿ ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿತು. ಸೈಟ್ ಪ್ರಯೋಗ ಅಂತ ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡ ಜಿಲ್ಲೆಗಳು ಗುಲಬರ್ಗಾ, ರಾಯಚೂರು, ಬಿಜಾಪುರ. ಬೆಂಗಳೂರಿನ ಮನೆಗಳಲ್ಲಿ ಟಿವಿ ಇಲ್ಲದ ಕಾಲದಲ್ಲಿ ನಮ್ಮ ಹಳ್ಳಿಯ ಶಾಲೆಗಳ ಮುಂದೆ ತಂತಿ ಜಾಲರಿಯ, ಹತ್ತಡಿ ಅಗಲದ ಛತ್ರಿಯಂಥ ಆ್ಯಂಟೆನಾ ನಿಂತಿತ್ತು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೇ ಅಂತ ಕಾರ್ಯಕ್ರಮ ಬರುತ್ತಿತ್ತು. ಸೈಟ್ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನದ ಪ್ರಸಾರ ಕೇಂದ್ರವೂ ಬಂತು. ಇಷ್ಟು ದೊಡ್ಡ ಸಂಗತಿ ಇದೇ ಊರಿನಲ್ಲಿ ಬಿ.ಎಡ್. ಓದುವವರಿಗೆ ಪಠ್ಯದಲ್ಲಿ ಒಂದು ಪುಟವಾಗಿಯಾದರೂ ಸಿಗಬೇಕು ಅಂತ ನನ್ನ ಆಸೆ.

ನಮ್ಮ ದೊಡ್ಡಪ್ಪ ಆಗ ಪ್ರೈಮರಿಯಲ್ಲಿದ್ದವರು, ಆ ಟಿವಿ ನೋಡಿದವರು. ಮುಂದೆ ತಾವೂ ಮೇಷ್ಟ್ರಾಗಿ ನಿವೃತ್ತರಾದರು. ಏನು ಕಲಿತಿರಿ ಅಂತ ಕೇಳಿದೆ. "ರಾಕೆಟ್ ನೋಡೀವಿ, ಸಮುದ್ರ ನೋಡೀವಿ. ಅಷ್ಟೂ ಮಂದಿ ಕೈ ಕಟ್ಟಿ ಸುಮ್ಮ ಕೂಡ್ತಿದ್ವಿ. ಅದು ಮಾತಾಡ್ತಿತ್ತು, ನಾವು ಕೇಳ್ತಿದ್ವಿ. ಅದ್ಕ ತಿರುಗಿ ಮಾತಾಡ್ಲಾಕ ಬರ್ತಿದ್ದಿಲ್ಲಲ್ಲವ್ವ," ಅಂದರು. ಆ ಪ್ರಯೋಗದ ಬಗ್ಗೆ ನನಗೆ ತುಂಬ ಗೌರವ ಇದೆ. ಸಮುದ್ರ ಕಾಣದ ಮಗುವಿಗೆ ಸಮುದ್ರ ತೋರಿಸುವುದು ದೊಡ್ಡ ಕೆಲಸವೇ. ಆದರೆ ಈಗ ಐವತ್ತು ವರ್ಷ ಆಯಿತು, ಪರದೆ ದೊಡ್ಡದಾಯಿತು, ಬಣ್ಣ ಬಂತು, ಮುಟ್ಟಿದರೆ ತೆರೆಯುತ್ತದೆ. ಸ್ಮಾರ್ಟ್ ಬೋರ್ಡ್ ಮೇಲೆ ಪದ್ಯದ ವಿಡಿಯೊ ಹಚ್ಚಿ ನಾನು ಬದಿಗೆ ನಿಂತರೆ ಮಕ್ಕಳು ಇವತ್ತಿಗೂ ಕೈ ಕಟ್ಟಿಯೇ ಕೂಡುತ್ತಾರೆ.

ಹಾಗಾಗಿ ನಾನು ಹೆಚ್ಚು ನೆಚ್ಚಿಕೊಂಡ ಸಾಧನ ಯಾವ ತರಬೇತಿಯಲ್ಲೂ ಇರದ ಮೊಬೈಲಿನ ವಾಯ್ಸ್ ರೆಕಾರ್ಡರ್. ನೆಟ್ ಬೇಡ, ಖಾತೆ ಬೇಡ, ಕರೆಂಟ್ ಬೇಡ.

ದಿನಚರಿ ಹೇಳುವ ಪಾಠ ಅದು. ಜೋಡಿಯಾಗಿ ಕೂತು ಐದು ವಾಕ್ಯ ಹೇಳಿಕೊಂಡು, ಸಿದ್ಧ ಅನಿಸಿದವರು ಬೇವಿನ ಗಿಡದ ಕೆಳಗೆ ಹೋಗಿ ನನ್ನ ಫೋನಿನಲ್ಲಿ ದನಿ ಹಿಡಿಯಬೇಕು. ಇಡೀ ತರಗತಿ ಮುಂದೆ ಎದ್ದು ನಿಲ್ಲುವ ಭಯ ಇಲ್ಲ. ಮುಂದಿನ ಸಾಲಿನ ಒಬ್ಬಳು, ಹಾಜರಿ ಕೂಗಿದರೂ ತುಟಿ ಅಲ್ಲಾಡಿಸುವಷ್ಟೇ ಮಾತಾಡುವವಳು, ಹೇಳಿ ಬಂದು ಕೇಳಿದಳು. ಕೇಳಿದವಳೇ ಮುಖ ಎತ್ತಿ, "ಮೇಡಂ, ಇದು ನನ್ನ ದನಿ ಅಲ್ರಿ," ಅಂದಳು. ನಾವು ಮಾತಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದಷ್ಟೇ ಅಲ್ಲ, ತಲೆಬುರುಡೆಯ ಎಲುಬಿನಿಂದಲೂ ಕೇಳುತ್ತದೆ. ಫೋನಿನಲ್ಲಿ ಗಾಳಿಯಿಂದ ಬಂದದ್ದು ಮಾತ್ರ ಇರುವುದರಿಂದ ತೆಳ್ಳಗೆ ಅನಿಸುತ್ತದೆ ಅಂತ ತಿಳಿಸಿದೆ. ಅವಳು ಇನ್ನೊಮ್ಮೆ ಕಿವಿಗೆ ಹಿಡಿದಳು. ಮೊದಲ ವಾಕ್ಯ, "ಐ ವೇಕ್ ಅಪ್ ಸಿಕ್ಸ್." ನಿಲ್ಲಿಸಿ, ಹಿಂದಕ್ಕೆ ಎಳೆದು ಮತ್ತೆ ಹಚ್ಚಿದಳು. "'ಅಟ್' ಬಿಟ್ಟೀನ್ರಿ. ಇನ್ನೊಮ್ಮಿ ಹೇಳ್ತೀನಿ."

ನಾನು ಒಂದು ಮಾತೂ ಆಡಿರಲಿಲ್ಲ. ಆ 'ಅಟ್' ಅನ್ನು ನಾನು ತಿದ್ದಿದ್ದರೆ ಅವಳು ತಲೆ ತಗ್ಗಿಸಿ ಕೂಡುತ್ತಿದ್ದಳು. ತನ್ನ ಕಿವಿಯೇ ತಿದ್ದಿದ್ದರಿಂದ ತಾನೇ ಮತ್ತೆ ಗಿಡದ ಕೆಳಗೆ ಓಡಿದಳು. ಹತ್ತು ಸಲ ಹೇಳು ಅಂದರೆ ಬೇಸರಪಡುವ ಮಕ್ಕಳು ಚೆನ್ನಾಗಿ ಬರಲಿ ಅಂತ ತಾವಾಗಿಯೇ ಮತ್ತೆ ಮತ್ತೆ ಹೇಳಲು ನಿಂತರು. ಆ ಸಾಲು ನೋಡಿದ ಮೇಲೆ ಯಾವ ಆ್ಯಪ್ ಕಲಿಯಬೇಕು, ಯಾವುದು ಬಿಡಬೇಕು ಎಂಬ ಗೊಂದಲ ನನ್ನಲ್ಲಿ ಬಹಳ ಉಳಿಯಲಿಲ್ಲ.

ದನಿಯಿಂದ ಟೈಪ್ ಮಾಡುವ ಸೌಲಭ್ಯವನ್ನೂ ಬಳಸಿದೆ, ಕಿಟಕಿ ಹತ್ತಿರ ನಿಂತು. ಭಾಷೆಯನ್ನು ಭಾರತೀಯ ಇಂಗ್ಲಿಷ್‌ಗೆ ಇಟ್ಟು ಮಕ್ಕಳು ಒಂದೊಂದು ಪದ ಹೇಳುವುದು, ಫೋನು ಏನು ಬರೆಯುತ್ತದೆ ನೋಡುವುದು. ನಮ್ಮ ಕನ್ನಡದ ಮಕ್ಕಳು 'ಫ್ಯಾನ್' ಅಂದರೆ ಅದು 'ಪ್ಯಾನ್' ಅಂತ ಬರೆಯಿತು. ಮಸೀದಿ ಓಣಿಯ ಹುಡುಗ ಹೇಳಿದ, ಸರಿಯಾಗಿ ಬಂತು. ಉರ್ದುವಿನಲ್ಲಿ ಆ ಧ್ವನಿ ದಿನಾ ಆಡುವಂಥದ್ದು, ಕೆಳತುಟಿಯನ್ನು ಹಲ್ಲಿಗೆ ತಾಗಿಸುವುದು ಅವನಿಗೆ ಮನೆಯಿಂದಲೇ ಬಂದಿದೆ. ಕನ್ನಡ ಬರಹದಲ್ಲಿ ಒತ್ತಕ್ಷರ ತಪ್ಪುತ್ತಾನೆ ಅಂತ ಸದಾ ಬೈಸಿಕೊಳ್ಳುವ ಹುಡುಗ ಆ ದಿನ ಉಳಿದವರಿಗೆ ತುಟಿ ಹಿಡಿಯುವುದು ಹೇಗೆ ಅಂತ ಕಲಿಸಿದ. ಮನೆಮಾತು ಇಂಗ್ಲಿಷ್‌ಗೆ ಅಡ್ಡಿ ಅನ್ನುವವರು ನಮ್ಮ ಭಾಗದಲ್ಲಿ ಬಹಳ ಮಂದಿ. ಅವರು ಆ ಪಿರಿಯಡ್ ನೋಡಬೇಕಿತ್ತು.

ಆದರೆ ಈ ಸಾಧನದ ತೀರ್ಪನ್ನು ಕೊನೆಯ ಮಾತೆಂದು ನಾನು ಒಪ್ಪುವುದಿಲ್ಲ. ತಾಂಡಾದ ಹುಡುಗನೊಬ್ಬ ಹೇಳಿದ ಇಡೀ ವಾಕ್ಯ ನನಗೂ ತರಗತಿಗೂ ಸ್ಪಷ್ಟವಾಗಿ ತಿಳಿಯಿತು, ಫೋನು ಮಾತ್ರ ಏನೇನೋ ಬರೆಯಿತು. ಅವನ ಮುಖ ಸಣ್ಣದಾದದ್ದು ಕಂಡು ಪಾಠ ನಿಲ್ಲಿಸಿ ಹೇಳಿದೆ: "ನಿನ್ನ ಮಾತು ನಮಗೆಲ್ಲಾ ತಿಳೀತು. ಫೋನಿಗಿ ಇನ್ನಾ ನಮ್ಮ ಕಡಿ ಮಂದಿ ಮಾತು ರೂಢಿ ಆಗಿಲ್ಲ." ಇಂಥ ಯಂತ್ರಗಳು ಯಾರ ದನಿಯನ್ನು ಹೆಚ್ಚು ಕೇಳಿ ಕಲಿತಿವೆಯೋ ಅವರ ಮಾತನ್ನೇ ಚೆನ್ನಾಗಿ ಗುರುತಿಸುತ್ತವೆ. ಇದನ್ನು ಶಿಕ್ಷಕರಾಗುವವರಿಗೆ ಹೇಳಿಕೊಡದೆ ಆ್ಯಪ್ ಮಾತ್ರ ಹೇಳಿಕೊಟ್ಟರೆ, ಅಂಜುವ ಮಗುವನ್ನು ಇನ್ನಷ್ಟು ಅಂಜಿಸಿದಂತಾಗುತ್ತದೆ.

ಕಾರ್ಡ್ ಎತ್ತಿಸಿ ಉತ್ತರ ಪಡೆಯುವ ಪ್ಲಿಕರ್ಸ್ ಎಂಬ ಆ್ಯಪ್ ಬಗ್ಗೆ ಒಂದೆರಡು ಮಾತು. ಮಕ್ಕಳ ಕೈಯಲ್ಲಿ ಫೋನ್ ಇಲ್ಲದ ಶಾಲೆಗೆ ಇದು ಹೇಳಿ ಮಾಡಿಸಿದ್ದು. ಪ್ರತಿ ಮಗುವಿಗೂ ಬೇರೆ ಬೇರೆ ಕಪ್ಪು ಗುರುತಿನ ಒಂದು ಕಾರ್ಡ್, ನಾಲ್ಕು ಬದಿಗೆ ಸಣ್ಣ ಅಕ್ಷರದಲ್ಲಿ ಎ, ಬಿ, ಸಿ, ಡಿ. ತನ್ನ ಉತ್ತರದ ಬದಿ ಮೇಲೆ ಬರುವಂತೆ ಹಿಡಿದರೆ ಸಾಕು, ನನ್ನ ಫೋನಿನ ಕ್ಯಾಮರಾ ಎಲ್ಲವನ್ನೂ ಓದಿಕೊಳ್ಳುತ್ತದೆ. ಅಕ್ಷರ ಸಣ್ಣದಿರುವುದರಿಂದ ಪಕ್ಕದವರದ್ದು ನೋಡಿ ಹಿಡಿಯಲಾಗದು. ಜೆರಾಕ್ಸ್ ಹಾಳೆಯನ್ನು ಹಳೆ ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿದ್ದೇವೆ, ಗಟ್ಟಿ ಇವೆ. ಸರಿ-ತಪ್ಪು ಎಣಿಸಿ ಮುಂದೆ ಹೋದರೆ ಇದೂ ಮೌನದ ಸಾಧನವೇ. ಉತ್ತರ ಎರಡು ಗುಂಪಾಗಿ ಒಡೆದಾಗ ಸರಿಯುತ್ತರ ಹೇಳದೆ, ಬೇರೆ ಉತ್ತರ ಹಿಡಿದವರನ್ನು ಜೋಡಿಯಾಗಿ ಕೂಡಿಸಿ ಒಬ್ಬರಿಗೊಬ್ಬರು ಒಪ್ಪಿಸಲು ಬಿಡಬೇಕು, ಆಮೇಲೆ ಮತ್ತೆ ಕಾರ್ಡ್ ಎತ್ತಿಸಬೇಕು. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ಭೌತಶಾಸ್ತ್ರದ ಪಾಠಕ್ಕೆ ಬೆಳೆಸಿದ ಕ್ರಮ ಇದು. ಭಾಷೆಯ ತರಗತಿಯಲ್ಲಿ ಆ ವಾದವೇ ಪಾಠ.

ಇದೆಲ್ಲ ಪರೀಕ್ಷೆಗೆ ಬರುತ್ತದಾ ಅಂತ ಹಿರಿಯ ಶಿಕ್ಷಕರು ಕೇಳುವುದುಂಟು. ಅವರ ಕಳವಳ ನನಗೆ ಅರ್ಥ ಆಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗಳ ಪೈಕಿ 2024ಕ್ಕೆ ಕೊನೆಯ ಸ್ಥಾನ ಯಾದಗಿರಿಗೆ, ಪಾಸಾದವರು ಶೇ 50.59. 2025ಕ್ಕೆ ನಮ್ಮ ಕಲಬುರಗಿಗೆ, ಶೇ 42.43. ಪಾಸಾಗಲು ಬೇಕಾದಷ್ಟನ್ನೇ ಆಯ್ದು ಕೊಡುವ 'ಪಾಸಿಂಗ್ ಪ್ಯಾಕೇಜ್' ಹಿಡಿದು ಹತ್ತನೇ ತರಗತಿಯವರನ್ನು ಬೆಳಿಗ್ಗೆ-ಸಂಜೆ ಕೂಡಿಸುವ ಶಿಕ್ಷಕರ ಮೇಲೆ ಎಷ್ಟು ಒತ್ತಡ ಇದೆ ಅಂತ ಹತ್ತಿರದಿಂದ ನೋಡುತ್ತಿದ್ದೇನೆ. 80 ಅಂಕದ ಲಿಖಿತ ಪರೀಕ್ಷೆಯಲ್ಲಿ ಬಾಯಿಗೆ ಕೆಲಸ ಇಲ್ಲ ಎಂಬುದೂ ನಿಜ. ಆದರೂ ನನ್ನ ನಿಲುವು ಇಷ್ಟು: ತಾನು ಆಡದ ವಾಕ್ಯವನ್ನು ಮಗು ಬರೆಯುವುದು ಬಾಯಿಪಾಠದಿಂದ ಮಾತ್ರ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಆ ಬಾಯಿಪಾಠ ಕೈಕೊಡುತ್ತದೆ. ಎಂಟನೇ ತರಗತಿಯಲ್ಲೇ ಬಾಯಿ ಬಿಚ್ಚಿದವರಿಗೆ ಹತ್ತರಲ್ಲಿ ಪ್ಯಾಕೇಜ್ ಅಷ್ಟು ಭಾರವಾಗದು.

ತರಬೇತಿಯಲ್ಲಿ ನಮಗೆ ಕಲಿಸಲೇಬೇಕಾದ ಇನ್ನೊಂದಿದೆ. ಮಗುವಿನ ದನಿ ಮಗುವಿನದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳು ಅಂತಲೇ ಎಣಿಸಿ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಮಕ್ಕಳ ಹೆಸರಿನಲ್ಲಿ ಒಂದಾದ ಮೇಲೊಂದು ಆ್ಯಪ್‌ಗೆ ಖಾತೆ ತೆರೆಯುವುದು, ಅವರ ವಿಡಿಯೊವನ್ನು ಸ್ಟೇಟಸ್‌ಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮುಖ್ಯ ಗುರುಗಳ ಅನುಮತಿ ಪಡೆದು, ಪಾಲಕರ ಸಭೆಯಲ್ಲಿ ತಿಳಿಸಿಯೇ ದನಿ ಹಿಡಿಯುತ್ತೇನೆ. ಪಾಠ ಮುಗಿದ ಮೇಲೆ ಮಕ್ಕಳ ಎದುರಿಗೇ ಅಳಿಸುತ್ತೇನೆ. ಒಬ್ಬ ತಾಯಿ ಮಾತ್ರ ಮಗಳ ದನಿ ತನ್ನ ಫೋನಿಗೆ ಕಳಿಸಿರಿ ಅಂತ ಕೇಳಿಕೊಂಡರು. ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿರುವ ಗಂಡನಿಗೆ ಕೇಳಿಸಬೇಕಂತೆ. ಕಳಿಸಿದೆ.

ಈಗ ಹೆಸರು ರಾಶಿ ಮುಗಿದು, ಹೊಲಕ್ಕೆ ಹೋಗಿದ್ದ ಮಕ್ಕಳು ಶಾಲೆಗೆ ಮರಳಿದ್ದಾರೆ. ಮುಂದಿನ ವಾರಕ್ಕೆ ಫೋನ್ ಸಂಭಾಷಣೆಯ ಪಾಠ ಇಟ್ಟುಕೊಂಡಿದ್ದೇನೆ. ಪಠ್ಯದಲ್ಲಿರುವ ಸಂಭಾಷಣೆ ಓದಿಸುವುದಲ್ಲ, ನಿಜವಾದ ಕರೆ. ಒಬ್ಬರು ತರಗತಿಯಲ್ಲಿ, ಇನ್ನೊಬ್ಬರು ಕಿಟಕಿಯಾಚೆಯ ವರಾಂಡದಲ್ಲಿ. ಒಳಗಿನವರ ಹತ್ತಿರ ಸೇಡಂ ಬಸ್ಸಿನ ವೇಳಾಪಟ್ಟಿ, ಹೊರಗಿನವರಿಗೆ ಕಲಬುರಗಿ ಆಸ್ಪತ್ರೆಗೆ ಹತ್ತು ಗಂಟೆಯೊಳಗೆ ಮುಟ್ಟಬೇಕಾದ ಅಜ್ಜಿ. ಮುಖ ಕಾಣುವುದಿಲ್ಲ, ಕೈಸನ್ನೆ ನಡೆಯುವುದಿಲ್ಲ, ಕೇಳಿದ್ದು ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಅಂತ ಇಂಗ್ಲಿಷಿನಲ್ಲೇ ಕೇಳಬೇಕು. ಸ್ಪೀಕರ್ ಹಾಕಿರುತ್ತೇನೆ, ಉಳಿದವರು ಬಸ್ಸಿನ ಸಮಯ ಬರೆದುಕೊಳ್ಳುತ್ತಾರೆ. ಒಂದು ಫೋನು ನನ್ನದು, ಇನ್ನೊಂದನ್ನು ಮಾರ್ಗದರ್ಶಿ ಶಿಕ್ಷಕರು ಕೊಡುತ್ತೇನೆ ಅಂದಿದ್ದಾರೆ. ಮೊದಲ ಕರೆ ತಾನೇ ಮಾಡುತ್ತೇನೆ ಅಂತ 'ಅಟ್' ಬಿಟ್ಟಿದ್ದ ಆ ಹುಡುಗಿ ಈಗಲೇ ಹೆಸರು ಬರೆಸಿದ್ದಾಳೆ.